ಗೋವಾದಲ್ಲಿ ಚೊಣಕ್ ಹಿಡಿಯೋಕೆ ಯಾವ ರಾಡ್, ಯಾವ ರೀಲ್? 8,000 ರೂಪಾಯಿ ಒಳಗೆ ಹೇಳಿ

ಹಾವೇರಿ ಹುಡುಗ (ವಾಸ್ಕೋ)

ಎಲ್ಲರಿಗೂ ನಮಸ್ಕಾರ. ವಾಸ್ಕೋಗೆ ಬಂದು ನಾಲ್ಕು ವರ್ಷ ಆಯಿತು. ಊರಲ್ಲಿ ವರದಾ ನದಿಗೆ ಬಿದಿರು ಕೋಲು, ಎರೆಹುಳು ಹಿಡಿದು ಹೋಗುತ್ತಿದ್ದವನು ನಾನು. ಹೋದ ತಿಂಗಳು ಜುವಾರಿ ದಂಡೆಯಲ್ಲಿ ಒಬ್ಬರು ರಬ್ಬರ್ ಮೀನು ಎಸೆದು ಮೊಣಕೈ ಉದ್ದದ ಚೊಣಕ್ ಎಳೆದರು. ಅವತ್ತಿನಿಂದ ನಿದ್ದೆ ಇಲ್ಲ.

ಚೊಣಕ್‌ಗೆ ಏಷ್ಯನ್ ಸೀ ಬಾಸ್ ಅಂತಾರಲ್ಲ, ಹಾಗಾಗಿ ಯೂಟ್ಯೂಬ್‌ನಲ್ಲಿ ಅಮೆರಿಕದವರ ಬಾಸ್ ಫಿಶಿಂಗ್ ವಿಡಿಯೋ ನೋಡಿ ನೋಡಿ ಒಂದು ಪಟ್ಟಿ ಮಾಡಿದ್ದೇನೆ. ಆರೂವರೆ ಅಡಿ ಬೇಟ್‌ಕಾಸ್ಟಿಂಗ್ ರಾಡ್, ಅದಕ್ಕೊಂದು, ಎಸೆದಾಗ ದಾರದ ಉರುಳೆಯೇ ತಿರುಗುವ ಬೇಟ್‌ಕಾಸ್ಟರ್ ರೀಲ್, ಮತ್ತೆ 72 ಲೂರ್ (ಮೀನನ್ನು ಮರುಳು ಮಾಡುವ ನಕಲಿ ಮೀನು) ಇರುವ ಡಬ್ಬ. 72! ಬರೀ 1,100 ರೂಪಾಯಿ. ಒಟ್ಟು ಬಜೆಟ್ 8,000. ಮನೆಯಲ್ಲಿ 5,000 ಅಂತ ಹೇಳಿದ್ದೇನೆ. ಆರ್ಡರ್ ಮಾಡಲಾ?

ಕಾಣೆ ಕಾಣಕೋಣ

ಬೇಡ ಮಾರಾಯ, ಸ್ವಲ್ಪ ತಡಿ.

ನಾನು ಕಾರವಾರದವನು. ಕಾಣಕೋಣದಲ್ಲಿ ಕೆಲಸ, 15 ವರ್ಷದಿಂದ ತಳಪಣ, ಗಾಲ್ಜಿಬಾಗ್ ಅಳಿವೆಗಳಲ್ಲಿ ಗಾಳ ಹಾಕುತ್ತಿದ್ದೇನೆ. ನಿನ್ನ ಪಟ್ಟಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದು ಬೇರೆ ನೀರಿನ ಪಟ್ಟಿ ಅಷ್ಟೇ.

ಆ ವಿಡಿಯೋದ ಮೀನು ಲಾರ್ಜ್‌ಮೌತ್ ಬಾಸ್. ಸಿಹಿನೀರಿನ ಕೆರೆಯದ್ದು, ಸನ್‌ಫಿಶ್ ಕುಟುಂಬದ್ದು. ಅದರ ವಿಶ್ವದಾಖಲೆ 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಆದದ್ದು, 22 ಪೌಂಡ್ 4 ಔನ್ಸ್. ಅಂದರೆ ಸುಮಾರು 10 ಕಿಲೋ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕದ್ದು ಸಿಕ್ಕಿ ದಾಖಲೆ ಸಮ ಆಯಿತು. ಅವರ ಲೋಕದಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ನಮ್ಮ ಚೊಣಕ್, ಮುಂಬೈಯವರ ಜಿತಾಡ, ಆಸ್ಟ್ರೇಲಿಯಾದವರ ಬ್ಯಾರಮಂಡಿ, ಮೂರೂ ಒಂದೇ ಮೀನು. ಅದು 20 ಕಿಲೋ ಸಲೀಸಾಗಿ ದಾಟುತ್ತದೆ. ಬಾಸ್‌ಗೆ ಇದು ದಾಯಾದಿಯೂ ಅಲ್ಲ. ಹೆಸರು ಮಾತ್ರ ಹಂಚಿಕೊಂಡಿದೆ. ಮೇಲಿಂದ ಇದು ಇರುವ ಜಾಗ ನೋಡು: ಉಪ್ಪುನೀರು, ಕಾಂಡ್ಲಾ (ಮ್ಯಾಂಗ್ರೋವ್) ಬೇರು, ಸೇತುವೆ ಕಂಬಕ್ಕೆ ಅಂಟಿದ ಕಲ್ವದ ಚಿಪ್ಪು. ಆ ಚಿಪ್ಪಿಗೆ ದಾರ ತಾಗಿದರೆ ಬ್ಲೇಡಿಗೆ ತಾಗಿದ ಹಾಗೆ.

ಹಾಗಂತ ಬಾಸ್ ಸಾಮಾನು ದಂಡ ಅಂತ ಅಲ್ಲ. ಚೊಣಕ್ ಕೂಡ ಬಾಸ್ ಥರಾನೇ ಮರೆಯಲ್ಲಿ ಕೂತು, ಎದುರು ಬಂದದ್ದನ್ನು ಗಬಕ್ಕನೆ ಒಳಗೆ ಎಳೆದುಕೊಳ್ಳುವ ಮೀನು. ಎಸೆಯುವ ರೀತಿ ಒಂದೇ. ಬದಲಾಗಬೇಕಾದ್ದು ದಾರ, ಲೀಡರ್ (ದಾರದ ತುದಿಗೆ ಕಟ್ಟುವ ದಪ್ಪ ತುಂಡು), ಕೊಕ್ಕೆ.

ಈಗ ನನ್ನ ಎರಡು ಪ್ರಶ್ನೆ. ನೀನು ಎಲ್ಲಿ ನಿಂತು ಎಸೆಯುತ್ತೀಯ? ಎಷ್ಟು ಗ್ರಾಂನ ಲೂರ್ ಎಸೆಯುತ್ತೀಯ? ಇದು ಗೊತ್ತಾದರೆ ರಾಡ್ ತಾನಾಗಿ ಗೊತ್ತಾಗುತ್ತದೆ. ಎಲ್ಲರೂ ರಾಡ್ ಮೊದಲು ತಗೊಂಡು ಆಮೇಲೆ ಲೂರ್ ಹುಡುಕುತ್ತಾರೆ. ಚಪ್ಪಲಿ ತಗೊಂಡು ಕಾಲು ಹುಡುಕಿದ ಹಾಗೆ.

ಹಾವೇರಿ ಹುಡುಗ (ವಾಸ್ಕೋ)

ಅಣ್ಣ, ನಿಲ್ಲೋದು ದಂಡೆ ಮೇಲೆ, ಇಲ್ಲಾಂದ್ರೆ ಬಂಡೆ ಮೇಲೆ. ದೋಣಿ ಇಲ್ಲ. ಸ್ಕೂಟರ್‌ನಲ್ಲಿ ಹೋಗೋದು. ಗ್ರಾಂ ಲೆಕ್ಕ ಗೊತ್ತಿಲ್ಲ. ನಾನು ನೋಡಿದ ರಬ್ಬರ್ ಮೀನು ನನ್ನ ಬೆರಳಿಗಿಂತ ಸ್ವಲ್ಪ ಉದ್ದ ಇತ್ತು.

ಕಾಣೆ ಕಾಣಕೋಣ

ಅದು ನಾಲ್ಕು ಇಂಚಿನ ಶಾಡ್ ಇರಬೇಕು. ಬಾಲ ಪ್ಯಾಡಲ್ ಥರ ಅಲ್ಲಾಡುತ್ತದೆ. ಅದಕ್ಕೆ 10ರಿಂದ 14 ಗ್ರಾಂನ, ತೂಕದ ತಲೆ ಇರುವ ಕೊಕ್ಕೆ, ಅಂದರೆ ಜಿಗ್‌ಹೆಡ್ ಹಾಕಿದರೆ ಎಲ್ಲ ಸೇರಿ 20 ಗ್ರಾಂ ಹತ್ತಿರ ಬರುತ್ತದೆ. ದಂಡೆಯಿಂದ ಎಸೆಯುವ ಬೇರೆ ಲೂರ್‌ಗಳೂ ಹೆಚ್ಚುಕಡಿಮೆ 12ರಿಂದ 28 ಗ್ರಾಂ ಒಳಗೆ ಇರುತ್ತವೆ. ಹಾಗಾದರೆ ನಿನಗೆ ಬೇಕಾದ್ದು 10–30 ಗ್ರಾಂ ಅಂತ ಬರೆದಿರುವ ರಾಡ್.

ರಾಡ್‌ನ ಹಿಡಿಕೆ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿರುತ್ತದೆ. ಅಂಗಡಿಯವ ಹೇಳಿದ್ದನ್ನು ಬಿಟ್ಟು ಅದನ್ನು ಓದು. ಅಮೆರಿಕದ ರಾಡ್ ಆದರೆ ಔನ್ಸ್‌ನಲ್ಲಿ ಇರುತ್ತದೆ, ಒಂದು ಔನ್ಸ್ ಅಂದರೆ 28 ಗ್ರಾಂ. ಕಾಲು ಔನ್ಸ್‌ನಿಂದ ಒಂದು ಔನ್ಸ್ ಅಂತ ಇದ್ದರೆ ಕಣ್ಣುಮುಚ್ಚಿ ತಗೋ. ಪವರ್ ಮೀಡಿಯಂ ಹೆವಿ, ಆಕ್ಷನ್ ಫಾಸ್ಟ್ ಇರಲಿ. ಈ ಎರಡನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಪವರ್ ಅಂದರೆ ಬಗ್ಗಿಸೋಕೆ ಎಷ್ಟು ಜೋರು ಬೇಕು ಅನ್ನೋದು. ಆಕ್ಷನ್ ಅಂದರೆ ಎಲ್ಲಿಂದ ಬಗ್ಗುತ್ತದೆ ಅನ್ನೋದು. ಫಾಸ್ಟ್ ಆದರೆ ತುದಿ ಮಾತ್ರ ಬಾಗುತ್ತದೆ, ಕೆಳಗೆ ಗಟ್ಟಿ. ಚೊಣಕ್ ಬಾಯಿ ಗಟ್ಟಿ, ಕೊಕ್ಕೆ ಒಳಗೆ ಹೋಗಬೇಕಾದರೆ ಈ ಗಟ್ಟಿತನ ಬೇಕು.

ಉದ್ದ ಏಳು ಅಡಿ. ಆರೂವರೆ ದೋಣಿಗೆ ಚೆಂದ, ದಂಡೆಗೆ ಗಿಡ್ಡ ಆಗುತ್ತದೆ. ಎರಡು ತುಂಡಿನದು ತಗೋ, ಸ್ಕೂಟರ್ ಅಂದೆಯಲ್ಲ. ಒಂದೇ ತುಂಡಿನ ರಾಡ್ ಹಿಡಿದುಕೊಂಡು ಹೋಗಿ ಬಸ್ ಬಾಗಿಲಲ್ಲಿ ತುದಿ ಮುರಿದುಕೊಂಡವನು ನಾನು.

ರೀಲ್ ಸ್ಪಿನ್ನಿಂಗ್, ಅಂದರೆ ಎಸೆದಾಗ ಉರುಳೆ ತಿರುಗದೆ ದಾರ ಮಾತ್ರ ಬಿಚ್ಚಿಕೊಳ್ಳುವುದು, 4000 ಸೈಜು. ಬೇಟ್‌ಕಾಸ್ಟರ್ ಈಗ ಬೇಡ.

ಮಾಟುಂಗಾ ಮಾಮ

ಕಾಣೆಯವರೇ, ಇಲ್ಲಿವರೆಗೆ ಎಲ್ಲ ಒಪ್ಪಿದೆ. ಬೇಟ್‌ಕಾಸ್ಟರ್ ಬೇಡ ಅಂದಿದ್ದಕ್ಕೆ ಮಾತ್ರ ನನ್ನ ತಕರಾರು. ಕಾಂಡ್ಲಾ ಬೇರಿನ ಸಂದಿಗೆ ಒಂದು ಅಡಿ ಆಚೀಚೆ ಆಗದೆ ಲೂರ್ ಇಳಿಸಬೇಕು ಅಂದರೆ ಹೆಬ್ಬೆರಳು ಸ್ಪೂಲ್ (ದಾರದ ಉರುಳೆ) ಮೇಲೇ ಇರಬೇಕು. ಮೀನು ಬೇರಿಗೆ ನುಗ್ಗಿದಾಗ ಹೆಬ್ಬೆರಳಲ್ಲಿ ಒತ್ತಿ ನಿಲ್ಲಿಸಬಹುದು. ಮುಂಬೈ ಖಾಡಿಗಳಲ್ಲಿ ಜಿತಾಡಕ್ಕೆ ನಾನು ಅದನ್ನೇ ಬಳಸೋದು.

ಕಾಣೆ ಕಾಣಕೋಣ

ಮಾಮ, ನೀವು ಶುರು ಮಾಡಿದಾಗ ದಾರ ಎಷ್ಟು ಸಲ ಗಂಟು ಬಿತ್ತು? ಸತ್ಯ ಹೇಳಿ.

ಮಾಟುಂಗಾ ಮಾಮ

ಮೊದಲ ಭಾನುವಾರ ನಾಲ್ಕು ಗಂಟೆ ಹೋದೆ. ಮೂರು ಗಂಟೆ ಗಂಟು ಬಿಡಿಸಿದೆ. ಹಕ್ಕಿಗೂಡು ಅಂತಾರೆ, ನಂದು ಕಾಗೆ ಗೂಡು. ಕೊನೆಗೆ ಕತ್ತರಿ ಹಾಕಿದೆ.

ಸರಿ, ಹುಡುಗನಿಗೆ ಸ್ಪಿನ್ನಿಂಗೇ ಇರಲಿ. ಆದರೆ ಗೇರ್ ರೇಶಿಯೋ ನೋಡು ಮಗಾ. 6.2:1 ಅಂತ ಇದ್ದರೆ ಹಿಡಿಕೆ ಒಂದು ಸುತ್ತು ತಿರುಗಿಸಿದರೆ ರೋಟರ್ ಆರು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಚೊಣಕ್ ಕಚ್ಚಿದ ಮೇಲೆ ಎಷ್ಟೋ ಸಲ ನಮ್ಮ ಕಡೆಗೇ ಓಡಿ ಬರುತ್ತದೆ. ಆಗ ಸಡಿಲ ಆದ ದಾರವನ್ನು ಬೇಗ ಸುತ್ತಿಕೊಳ್ಳಬೇಕು. ನಿಧಾನದ ರೀಲ್ ಇದ್ದರೆ ಮೀನು ಹಾರಿ ತಲೆ ಕೊಡವುತ್ತದೆ, ಲೂರ್ ವಾಪಸ್ ನಿನ್ನ ಮುಖಕ್ಕೆ ಬರುತ್ತದೆ.

ಮತ್ತೆ ಬೇರಿಂಗ್ ಲೆಕ್ಕ ನೋಡಿ ಮರುಳಾಗಬೇಡ. 13 ಬೇರಿಂಗ್ ಅಂತ ಬರೆದ ಅಗ್ಗದ ರೀಲ್‌ಗಿಂತ ಐದು ಬೇರಿಂಗ್‌ನ ಒಳ್ಳೆ ಕಂಪನಿ ರೀಲ್ ಜಾಸ್ತಿ ದಿನ ಬಾಳುತ್ತದೆ. ಶಿಮಾನೊ, ಡೈವಾ, ಪೆನ್, ಮೂರರಲ್ಲಿ ಯಾವುದರ ಕೆಳಗಿನ ಮಾಡೆಲ್ ಆದರೂ ಸರಿ.

ಪುಣೆ ಪಾಟೀಲ

ನಮಸ್ಕಾರ ರೀ ಎಲ್ಲಾರಿಗೂ. ನಡುವೆ ಬಾಯಿ ಹಾಕ್ತೀನಿ, ಬೇಜಾರು ಮಾಡ್ಕೋಬ್ಯಾಡ್ರಿ. ನಮ್ಮ ಪುಣೆ ಕಡೆ ಉಪ್ಪುನೀರಿಲ್ಲ. ಕೆರೆ, ಡ್ಯಾಮಿನ ಹಿನ್ನೀರಲ್ಲಿ ಹಾವುತಲೆ ಮೀನಿಗೆ ಹೋಗ್ತೀವಿ. ಆ ಬಾಸ್ ವಿಡಿಯೋ ಪಟ್ಟಿ ನನಗೆ ಸರಿಹೋಗ್ತದ ಏನ್ರಿ? ಕಪ್ಪೆ ಲೂರ್ ಬಗ್ಗೆ ಹೇಳ್ರಿ.

ಮಾಟುಂಗಾ ಮಾಮ

ಪಾಟೀಲರೇ, ನಿಮಗೆ ಆ ಪಟ್ಟಿ ಅಳತೆ ತೆಗೆದು ಹೊಲಿದ ಅಂಗಿ. ಟೊಳ್ಳು ಕಪ್ಪೆ ಲೂರ್ ಹುಟ್ಟಿದ್ದೇ ತಾವರೆ ಎಲೆ, ಜೊಂಡಿನ ಮೇಲೆ ಎಳೆಯೋಕೆ. ಎರಡು ಕೊಕ್ಕೆ ಬೆನ್ನಿಗೆ ಅಂಟಿಕೊಂಡಿರುತ್ತವೆ, ಮೀನು ಕಚ್ಚಿ ಒತ್ತಿದಾಗ ಮಾತ್ರ ಹೊರಗೆ ಬರುತ್ತವೆ. ಹಾಗಾಗಿ ಕಸಕ್ಕೆ ಸಿಕ್ಕುವುದಿಲ್ಲ. ಒಂದೇ ಮಾತು: ನೀರು ಚಿಮ್ಮಿದ ಕೂಡಲೇ ಎಳೆಯಬೇಡಿ. ಎರಡು ಎಣಿಸಿ, ದಾರ ಬಿಗಿಯಾದದ್ದು ಕೈಗೆ ಗೊತ್ತಾದ ಮೇಲೆ ಜಗ್ಗಿ. ಮತ್ತೆ ಡ್ಯಾಮ್‌ಗೆ ಹೋಗುವ ಮೊದಲು ಅಲ್ಲಿ ಪರವಾನಗಿ ಕೇಳಿಕೊಳ್ಳಿ. ಮಹಶೀರ್ ಸಿಕ್ಕರೆ ದಯವಿಟ್ಟು ವಾಪಸ್ ಬಿಡಿ. ಲೋಣಾವಳದ ವಳವಣದಲ್ಲಿ ಟಾಟಾ ಪವರ್‌ನವರು ಎಷ್ಟೋ ದಶಕದಿಂದ ಅದರ ಮರಿ ಮಾಡಿಸಿ ಬಿಡುತ್ತಿದ್ದಾರೆ.

ಸಾಳ ತೀರದವಳು (ಮಡಗಾಂವ್)

72 ಲೂರ್‌ನ ಡಬ್ಬ ಬಗ್ಗೆ ಯಾರೂ ಮಾತೇ ಆಡಲಿಲ್ಲ ಮಾರಾಯ್ರೆ. ನಾನು ಅದನ್ನು ತಗೊಂಡವಳು, ಹೇಳುತ್ತೇನೆ ಕೇಳಿ.

ಅಂಥದ್ದೇ ಒಂದು ಡಬ್ಬ ಆನ್‌ಲೈನ್‌ನಲ್ಲಿ ತರಿಸಿದ್ದೆ. ನೋಡೋಕೆ ಬಳೆ ಅಂಗಡಿ ಥರ ಚೆಂದ. ಮೊದಲನೇ ಸಂಜೆ ಸಾಳ ನದಿಯಲ್ಲಿ ಒಳ್ಳೆ ತಾಂಸೊ ಮೀನು ಕಚ್ಚಿತು, ಕೆಂಪು ಮೈ ಕಣ್ಣಿಗೆ ಬಿತ್ತು. ಅರ್ಧ ನಿಮಿಷ. ಆಮೇಲೆ ದಾರ ಹಗುರ. ಲೂರ್ ಎಳೆದು ನೋಡಿದರೆ ಮೂರು ಮೊನೆಯ ಕೊಕ್ಕೆ ನೆಟ್ಟಗಾಗಿದೆ, ಕೂದಲಿಗೆ ಹಾಕುವ ಪಿನ್ ಥರ. ಉಳಿದ ಕೊಕ್ಕೆಗಳು ಮುಂದಿನ ವಾರಕ್ಕೆ ತುಕ್ಕು ಹಿಡಿದು, ಇಡೀ ಡಬ್ಬ ಕಂದು ಬಣ್ಣ ಆಯಿತು. ಅದರಲ್ಲಿ ಈಗ ನನ್ನ ಮಗಳು ಮಣಿ ಇಟ್ಟಿದ್ದಾಳೆ.

ಹಾವೇರಿಯವರೇ, ಆ 1,100ಕ್ಕೆ ಮೂರೇ ಮೂರು ತಗೊಳ್ಳಿ.

ಒಂದು, ನಾಲ್ಕು ಇಂಚಿನ ಶಾಡ್ ಒಂದು ಪ್ಯಾಕೆಟ್, ಗಟ್ಟಿ ಜಿಗ್‌ಹೆಡ್ ಸಮೇತ. ತಳಕ್ಕೆ ಇಳಿಯಲು ಬಿಡಿ, ಮೆಲ್ಲಗೆ ಎತ್ತಿ, ಮತ್ತೆ ಇಳಿಸಿ. ಜಾಸ್ತಿ ಕಚ್ಚುವುದು ಇಳಿಯುವಾಗಲೇ. ಹತ್ತರಲ್ಲಿ ಏಳು ಮೀನು ನನಗೆ ಸಿಕ್ಕಿದ್ದು ಇದರಲ್ಲೇ.

ಎರಡು, ಒಂದು ಗಟ್ಟಿ ಮೈಯ ಮಿನ್ನೋ, ನಾಲ್ಕರಿಂದ ಐದು ಇಂಚಿನದು. ಸಸ್ಪೆಂಡಿಂಗ್ ಅಂತ ಬರೆದಿರಬೇಕು. ಅಂದರೆ ಎಳೆಯುವುದು ನಿಲ್ಲಿಸಿದರೆ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ, ಅಲ್ಲೇ ನಿಲ್ಲುತ್ತದೆ. ಎರಡು ಸಲ ಜರ್ಕ್ ಕೊಟ್ಟು ಸುಮ್ನೆ ನಿಲ್ಲಿಸಿ. ಆ ಸುಮ್ನೆ ಇರುವ ಹೊತ್ತೇ ಮುಖ್ಯ. ಗಂಡಸರಿಗೆ ಅದು ಯಾಕೋ ಬರುವುದೇ ಇಲ್ಲ, ಸುತ್ತುತ್ತಲೇ ಇರುತ್ತಾರೆ.

ಮೂರು, ಪಾಪ್ಪರ್, ನೀರಿನ ಮೇಲೆ ಸದ್ದು ಮಾಡುತ್ತಾ ಬರುವ ಲೂರ್. ಬೆಳಿಗ್ಗೆ ಬೆಳಕು ಹರಿಯುವಾಗ, ಸಂಜೆ ಕತ್ತಲಾಗುವಾಗ ಮಾತ್ರ. ಶಾಡ್‌ನಷ್ಟು ಮೀನು ಬರುವುದಿಲ್ಲ. ಆದರೆ ನೀರಿನ ಮೇಲೆ ಚೊಣಕ್ ಬಾಯಿ ತೆರೆದು ಎಳೆದುಕೊಳ್ಳುವಾಗ ‘ಬೂಫ್’ ಅಂತ ಸದ್ದು ಬರುತ್ತದಲ್ಲ, ಅದನ್ನು ಒಮ್ಮೆ ಕೇಳಿದವರು ಮನೆಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಮಿನ್ನೋಗೆ ಒಳ್ಳೆ ಹೆಸರಿನದು ಬೇಕಂದರೆ ರಾಪಾಲಾ ಇದೆ. ಫಿನ್‌ಲೆಂಡ್‌ನ ಮೀನುಗಾರ ಲೌರಿ ರಾಪಾಲಾ 1936ರಲ್ಲಿ ಕಾರ್ಕ್ ಕೆತ್ತಿ ಮಾಡಿದ ಲೂರ್‌ನಿಂದ ಶುರುವಾದ ಕಂಪನಿ. ಗಾಯ ಆದ ಸಣ್ಣ ಮೀನು ಒಂದು ಕಡೆ ವಾಲಿ ಈಜುತ್ತದಲ್ಲ, ಅದನ್ನು ನೋಡಿ ಮಾಡಿದ್ದಂತೆ. ಆದರೆ ಅರ್ಧ ಬೆಲೆಗೆ ಸಿಕ್ಕರೆ ನಕಲಿ ಅಂತಲೇ ತಿಳಿಯಿರಿ. ಅಸಲಿ ತಗೊಂಡರೂ, ಸಿಹಿನೀರಿಗೆ ಮಾಡಿದ್ದಾದರೆ ಕೊಕ್ಕೆ ಮತ್ತು ರಿಂಗ್ ಬದಲಾಯಿಸಿ. 4ಎಕ್ಸ್ ಅಂತ ಬರೆದ ದಪ್ಪ ಕೊಕ್ಕೆ ಹಾಕಿ. ಹಾಕಿದ ಮೇಲೆ ಬಕೆಟ್ ನೀರಲ್ಲಿ ಬಿಟ್ಟು ನೋಡಿ. ತೂಕ ಜಾಸ್ತಿಯಾಗಿ ಸಸ್ಪೆಂಡಿಂಗ್ ಲೂರ್ ಮುಳುಗಲು ಶುರು ಮಾಡಬಹುದು.

ಹಾವೇರಿ ಹುಡುಗ (ವಾಸ್ಕೋ)

ಅಕ್ಕಾ, ಡಬ್ಬ ಕ್ಯಾನ್ಸಲ್ ಮಾಡಿದೆ. ಬಣ್ಣ ಯಾವುದು?

ಸಾಳ ತೀರದವಳು (ಮಡಗಾಂವ್)

ನೀರು ಕದಡಿದ್ದರೆ ಬಂಗಾರದ ಬಣ್ಣ ಇಲ್ಲವೇ ಕಪ್ಪು. ತಿಳಿ ಇದ್ದರೆ ಬಿಳಿ, ಬೆಳ್ಳಿ. ಅಷ್ಟು ಸಾಕು. ಬಣ್ಣ ಮೀನಿಗಿಂತ ಜಾಸ್ತಿ ಹಿಡಿಯುವುದು ನಮ್ಮನ್ನೇ.

ಕಾಣೆ ಕಾಣಕೋಣ

ದಾರದ ಬಗ್ಗೆ ಹೇಳಿ ಮುಗಿಸುತ್ತೇನೆ. ಬ್ರೇಡ್ (ಹೆಣೆದ ದಾರ) ತಗೋ, ದಪ್ಪದ ಅಳತೆ ಪಿಇ 2, ಅಂದರೆ ಸುಮಾರು 30 ಪೌಂಡ್. ನೂಲಿನಷ್ಟು ತೆಳು, ಕಾಲು ಮಿಲಿಮೀಟರ್ ಕೂಡ ಇಲ್ಲ. ಹಾಗಾಗಿ ದೂರ ಹೋಗುತ್ತದೆ. ಅದರ ಮುಂದೆ ಒಂದೂವರೆ ಮೀಟರ್ ನೈಲಾನ್ ಲೀಡರ್, 50 ಪೌಂಡಿನದು. ಇದನ್ನು ಬಿಡಲೇಬೇಡ. ಚೊಣಕ್‌ನ ಕಿವಿರು ಮುಚ್ಚಳದ ಅಂಚು ಚಾಕು ಇದ್ದ ಹಾಗೆ, ಬ್ರೇಡ್ ತಾಗಿದರೆ ಮುಗಿಯಿತು. ಮೀನು ಎತ್ತುವಾಗ ನಿನ್ನ ಬೆರಳಿಗೂ ಅದೇ ಗತಿ. ಕಿವಿರಿಗೆ ಕೈ ಹಾಕಬೇಡ.

ಬ್ರೇಡಿಗೂ ಲೀಡರಿಗೂ ಎಫ್‌ಜಿ ಗಂಟು ಹಾಕುವುದು ಕಲಿ. ಟಿವಿ ಮುಂದೆ ಕೂತು 20 ಸಲ ಹಾಕು. ದಂಡೆ ಮೇಲೆ ಗಾಳಿಯಲ್ಲಿ ಕಲಿಯೋಕೆ ಹೋದರೆ ಸಮುದ್ರದ ಇಳಿತ ಮುಗಿದುಹೋಗುತ್ತದೆ.

8,000ದಲ್ಲಿ ನಾನಾದರೆ ಹೀಗೆ ಹಂಚುತ್ತಿದ್ದೆ: ರೀಲ್‌ಗೆ 3,200, ರಾಡ್‌ಗೆ 2,300, ದಾರ ಲೀಡರ್ ಸೇರಿ 1,100, ಲೂರ್‌ಗೆ ಸಾವಿರ, ಉದ್ದ ಮೂತಿಯ ಇಕ್ಕಳಕ್ಕೆ 400.

ಹಾವೇರಿ ಹುಡುಗ (ವಾಸ್ಕೋ)

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹೇಳಿದ್ದೆಲ್ಲ ತಗೊಂಡೆ. 8,350 ಆಯಿತು. ಮನೆಯಲ್ಲಿ 5,000 ಅಂತಲೇ ಇದೆ.

ಈಗ ಸಮಸ್ಯೆ. ರೀಲ್ ಕೆಟ್ಟದ್ದು ಕೊಟ್ಟಿದ್ದಾರೆ. ಭಾನುವಾರ ಸಂಜೆ ಶಾಡ್‌ಗೆ ಏನೋ ಜೋರಾಗಿ ಹೊಡೆಯಿತು, ರಾಡ್ ಬಾಗಿತು, ದಾರ ಹೋಗುತ್ತಲೇ ಇತ್ತು. ಡ್ರ್ಯಾಗ್, ಅಂದರೆ ದಾರ ಹೋಗುವುದನ್ನು ತಡೆಯುವ ಬ್ರೇಕು, ಪೂರ್ತಿ ಬಿಗಿ ಮಾಡಿದೆ. ಆದರೂ ಹೋಗುತ್ತಿತ್ತು! ಕೊನೆಗೆ ಕಂಬದ ಕಡೆ ನುಗ್ಗಿ ಕಟ್ ಮಾಡಿಕೊಂಡು ಹೋಯಿತು. ಅಂಗಡಿಗೆ ಫೋನ್ ಮಾಡಿದರೆ ವಾಪಸ್ ತಗೊಳ್ಳಲ್ಲ ಅಂದರು, ಜೋರು ಜಗಳ ಆಯಿತು.

ಮಾಟುಂಗಾ ಮಾಮ

ಜಗಳ ಆಡುವ ಮೊದಲು ಒಂದು ಪ್ರಶ್ನೆ. ದಾರ ಹೋಗುವಾಗ ರೀಲ್ ಟಿರ್‌ರ್‌ರ್ ಅಂತ ಸದ್ದು ಮಾಡಿತಾ?

ಹಾವೇರಿ ಹುಡುಗ (ವಾಸ್ಕೋ)

ಇಲ್ಲ ಮಾಮ. ಬಿಗಿ ಮಾಡಿದ ಮೇಲೆ ಸದ್ದೇ ಇಲ್ಲ. ಅದಕ್ಕೇ ಕೆಟ್ಟಿದೆ ಅಂದೆ.

ಮಾಟುಂಗಾ ಮಾಮ

ಬ್ರೇಡನ್ನು ಬರೀ ಸ್ಪೂಲ್‌ಗೆ ಕಟ್ಟಿ ಸುತ್ತಿದ್ದೀಯ, ಅಲ್ವಾ? ಕೆಳಗೆ ನೈಲಾನ್ ಹಾಕಿಲ್ಲ?

ಹಾವೇರಿ ಹುಡುಗ (ವಾಸ್ಕೋ)

ಇಲ್ಲ. ಹಾಕಬೇಕಿತ್ತಾ?

ಮಾಟುಂಗಾ ಮಾಮ

ಸಿಕ್ಕಿತು ನೋಡು ಕಳ್ಳ. ಸ್ಪೂಲ್ ಲೋಹದ್ದು, ನುಣುಪು. ಬ್ರೇಡ್ ಕೂಡ ನುಣುಪು. ನೈಲಾನ್ ಹಿಗ್ಗಿ ಕುಗ್ಗಿ ಸ್ಪೂಲನ್ನು ಅಪ್ಪಿಕೊಳ್ಳುತ್ತದೆ, ಬ್ರೇಡ್ ಅಪ್ಪಿಕೊಳ್ಳುವುದಿಲ್ಲ. ಮೀನು ಎಳೆದಾಗ ಸುತ್ತಿದ ಇಡೀ ದಾರ ಬಳೆ ತಿರುಗಿದ ಹಾಗೆ ಸ್ಪೂಲ್ ಮೇಲೆ ತಿರುಗಿದೆ. ಸ್ಪೂಲ್ ನಿಂತೇ ಇದೆ, ಅದಕ್ಕೇ ಸದ್ದಿಲ್ಲ. ಪರೀಕ್ಷೆ ಮಾಡು: ಡ್ರ್ಯಾಗ್ ಬಿಗಿ ಮಾಡಿ, ಸ್ಪೂಲನ್ನು ಹೆಬ್ಬೆರಳಲ್ಲಿ ಅಲ್ಲಾಡದ ಹಾಗೆ ಹಿಡಿ, ಇನ್ನೊಂದು ಕೈಗೆ ಬಟ್ಟೆ ಸುತ್ತಿಕೊಂಡು ದಾರ ಎಳೆ. ದಾರ ಬಂದರೆ ರೀಲ್ ತಪ್ಪಿಲ್ಲ.

ಹಾವೇರಿ ಹುಡುಗ (ವಾಸ್ಕೋ)

ಬಂತು ಮಾಮ. ಸ್ಪೂಲ್ ಅಲ್ಲಾಡಲಿಲ್ಲ, ದಾರ ಸಲೀಸಾಗಿ ಬಂತು. ಅಂಗಡಿಯವನಿಗೆ ಏನೇನೋ ಅಂದುಬಿಟ್ಟೆ.

ಸಾಳ ತೀರದವಳು (ಮಡಗಾಂವ್)

ನಾಳೆ ಹೋಗಿ ಅವರ ಹತ್ತಿರವೇ ನೈಲಾನ್ ದಾರ ತಗೊಳ್ಳಿ. ಬ್ರೇಡ್ ಎಲ್ಲ ಬಿಚ್ಚಿ ಕೆಳಗೆ ಹತ್ತು ಮೀಟರ್ ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ, ಒದ್ದೆ ಬಟ್ಟೆಯಲ್ಲಿ ಒತ್ತಿ ಹಿಡಿದು ಬಿಗಿಯಾಗಿ ಸುತ್ತಿ. ಸ್ಪೂಲ್ ಅಂಚಿಗೆ ಎರಡು ಮಿಲಿಮೀಟರ್ ಜಾಗ ಬಿಡಿ. ನೈಲಾನ್ ಇಲ್ಲದಿದ್ದರೆ ಒಂದು ಸುತ್ತು ಟೇಪ್ ಆದರೂ ನಡೆಯುತ್ತದೆ.

ಕಾಣೆ ಕಾಣಕೋಣ

ಡ್ರ್ಯಾಗನ್ನು ಮನೆಯಲ್ಲೇ ಸರಿಹೊಂದಿಸಿಕೊಂಡು ಹೋಗು. ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಅದನ್ನು ಕಿಟಕಿ ಸರಳಿಗೆ ಕಟ್ಟಿ, ದಾರದ ತುದಿ ಅದಕ್ಕೆ ಹಾಕಿ, ರಾಡ್ ಬಾಗಿಸಿ ಎಳೆ. 30 ಪೌಂಡ್ ಅಂದರೆ ಹದಿಮೂರೂವರೆ ಕಿಲೋ. ಅದರ ಕಾಲು ಭಾಗ, ಮೂರು ಮೂರೂವರೆ ಕಿಲೋ ತೋರಿಸುವಾಗ ಸ್ಪೂಲ್ ತಿರುಗಬೇಕು. ಮೊದಲ ಸಲ ನೋಡಿದರೆ ಆಶ್ಚರ್ಯ ಆಗುತ್ತದೆ. ಕೈಗೆ ಹತ್ತು ಕಿಲೋ ಅನ್ನಿಸಿದ್ದು ತಕ್ಕಡಿಯಲ್ಲಿ ಒಂದೂವರೆ ಇರುತ್ತದೆ.

ಜಾಗದ ವಿಷಯ. ಖಾಜನ್, ಅಂದರೆ ಅಳಿವೆ ಪಕ್ಕ ಒಡ್ಡು ಕಟ್ಟಿದ ಗದ್ದೆ, ಅದರ ತೂಬು, ಇಲ್ಲಿನವರು ಮಾನಸ್ ಅನ್ನುವುದು, ನಮ್ಮ ಕಡೆ ಗಜನಿಗೂ ಅಂಥದ್ದೇ ಇರುತ್ತದೆ. ಇಳಿತಕ್ಕೆ ಅಲ್ಲಿಂದ ನೀರು ಹೊರಗೆ ಬರುವಾಗ ಸಿಗಡಿ, ಸಣ್ಣ ಮೀನು ಜೊತೆಗೆ ಬರುತ್ತವೆ. ಚೊಣಕ್ ಕೆಳಗೆ ಕಾದಿರುತ್ತದೆ. ಆದರೆ ಎಷ್ಟೋ ಮಾನಸ್‌ಗಳ ಮೀನಿನ ಹಕ್ಕು ಹರಾಜಾಗಿರುತ್ತದೆ. ಹಕ್ಕು ಹಿಡಿದವರನ್ನು ಕೇಳಿ ನಿಲ್ಲು, ಇಲ್ಲಾಂದ್ರೆ ನಿನ್ನ ಜೊತೆ ರಾಡೂ ನೀರಿಗೆ ಹೋಗುತ್ತದೆ. ಕುಂಭಾರಜುವೆ ಕಾಲುವೆ ಕಡೆ ಹೋದರೆ ನೀರಿಗೆ ಇಳಿಯಬೇಡ, ಮೊಸಳೆ ಇದೆ. ತಮಾಷೆ ಮಾಡುತ್ತಿಲ್ಲ.

ಹಾವೇರಿ ಹುಡುಗ (ವಾಸ್ಕೋ)

ಸಿಕ್ಕಿತು!!

ನಿನ್ನೆ ಸಂಜೆ, ಶಾಡ್‌ಗೆ, ಇಳಿಯುವಾಗಲೇ. ಅಕ್ಕ ಹೇಳಿದ ಹಾಗೇ. ಟಕ್ ಅಂತ ಒಂದು ಸಣ್ಣ ಏಟು, ಆಮೇಲೆ ರೀಲ್ ಕೂಗಿತು. ಕೂಗಿತು ಮಾಮ! ಎರಡು ಸಲ ಹಾರಿತು. ದಂಡೆಗೆ ತಂದು ಟಾರ್ಚ್ ಬಿಟ್ಟರೆ ಕಣ್ಣು ಕೆಂಡದ ಹಾಗೆ ಹೊಳೆಯಿತು. ಅಳತೆ 52 ಸೆಂಟಿಮೀಟರ್. ಲೀಡರ್ ಮುಟ್ಟಿ ನೋಡಿದರೆ ಒಂದು ಗೇಣು ಪೂರ್ತಿ ಮರಳುಕಾಗದ ಥರ ತರಿತರಿ ಆಗಿತ್ತು.

ಮನೆಗೆ ತಂದೆ. ರವಾ ಫ್ರೈ ಮಾಡಿದಳು. ತಿಂದ ಮೇಲೆ ರಾಡ್‌ನ ಬಿಲ್ ತೋರಿಸಿದೆ. ರೀಲ್‌ನ ಬಿಲ್ ಇನ್ನೂ ತೋರಿಸಿಲ್ಲ.

ಇಕ್ಕಳ ಬಳಸದೆ ಕೈಯಲ್ಲೇ ಕೊಕ್ಕೆ ತೆಗೆಯೋಕೆ ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡೆ. ಮುಳ್ಳಿನವರೆಗೆ ಹೋಗಿರಲಿಲ್ಲ, ಟಿಟಿ ಇಂಜೆಕ್ಷನ್ ಆಯಿತು.

ಸಾಳ ತೀರದವಳು (ಮಡಗಾಂವ್)

ಅಭಿನಂದನೆ! ಕೊಕ್ಕೆಯ ಹಿಂಬದಿ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಮೀನು ತಪ್ಪುವುದು ಕಮ್ಮಿಯೇ, ಬೆರಳು ಉಳಿಯುತ್ತದೆ. ಇನ್ನು ಮುಂದೆ 80 ಸೆಂಟಿಮೀಟರ್ ಮೇಲಿನದು ಸಿಕ್ಕರೆ ಫೋಟೋ ತೆಗೆದು ಬಿಟ್ಟುಬಿಡಿ. ಚೊಣಕ್ ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು. ದೊಡ್ಡವು ಹೆಚ್ಚುಕಡಿಮೆ ಎಲ್ಲ ಮೊಟ್ಟೆ ಇಡುವ ತಾಯಂದಿರೇ.

ಮಾಟುಂಗಾ ಮಾಮ

ಇದು ಓದೋಕೆ ಚೆಂದ. 80 ಸೆಂಟಿಮೀಟರಿನ ಜಿತಾಡ ಕೈಯಲ್ಲಿ ಇದ್ದಾಗ ಮಾತಾಡೋಣ.

ರೀಲ್ ತೊಳೆದೆಯಾ ಮಗಾ?

ಹಾವೇರಿ ಹುಡುಗ (ವಾಸ್ಕೋ)

ಬಕೆಟ್‌ನಲ್ಲಿ ಹತ್ತು ನಿಮಿಷ ನೆನೆಹಾಕಿದೆ ಮಾಮ.

ಮಾಟುಂಗಾ ಮಾಮ

ಅಯ್ಯೋ ದೇವರೇ. ಅದೇನು ಅಕ್ಕಿನಾ? ಮುಳುಗಿಸಿದರೆ ಉಪ್ಪು ಗ್ರೀಸ್‌ ಒಳಗೆ ಹೋಗುತ್ತದೆ. ಡ್ರ್ಯಾಗ್ ಗುಂಡಿ ಬಿಗಿ ಮಾಡಿ, ಮೇಲಿಂದ ಮೆಲ್ಲಗೆ ಸಿಹಿನೀರು ಬಿಡು, ಜೋರಾಗಿ ಪೈಪ್ ಹಿಡಿಯಬೇಡ. ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಸಡಿಲ ಮಾಡಿ ಇಡು. ಈ ಸಲದ್ದಕ್ಕೆ ಸ್ಪೂಲ್ ತೆಗೆದು ಒಣಗಿಸಿ, ಹಿಡಿಕೆ ಮತ್ತು ಲೈನ್ ರೋಲರ್‌ಗೆ ಒಂದೊಂದು ಹನಿ ರೀಲ್ ಎಣ್ಣೆ ಹಾಕು. ತಿರುಗಿಸಿದಾಗ ಮರಳು ಅರೆದ ಹಾಗೆ ಕೇಳಿದರೆ ಬಿಚ್ಚಿಸಬೇಕಾಗುತ್ತದೆ.

ಹಾವೇರಿ ಹುಡುಗ (ವಾಸ್ಕೋ)

ಈಗ ತಿರುಗಿಸಿದೆ. ಸದ್ಯ ಮರಳಿನ ಸದ್ದಿಲ್ಲ. ಎಣ್ಣೆ ಹಾಕುತ್ತೇನೆ.

ಕಾಣೆ ಅಣ್ಣ, ಶನಿವಾರ ನಿಮ್ಮ ಕಡೆ ಬರಲಾ? ಇಳಿತ ಎಷ್ಟು ಹೊತ್ತಿಗೆ?

ಕಾಣೆ ಕಾಣಕೋಣ

ಹುಣ್ಣಿಮೆ ಹತ್ತಿರ ಇದೆ, ನೀರಿನ ಓಟ ಜೋರು ಇರುತ್ತದೆ. ಮಧ್ಯಾಹ್ನದ ಮೇಲೆ ಇಳಿತ ಇರುತ್ತದೆ. ಎರಡೂವರೆಗೆ ತಳಪಣ ಸೇತುವೆ ಹತ್ತಿರ ಬಾ. ಲೀಡರ್ ದಾರ ಜಾಸ್ತಿ ತಗೊಂಡು ಬಾ, ನಂದು ಮುಗಿದಿದೆ.